ಅಕ್ಕನ ಮುಖದ ಪಕ್ಕದ ಕಿಟಕಿ

ಎದುರಿಗೆ ಕೂತವರ ಮಾತಿಗೆ ತಲೆಯಾಡಿಸುತ್ತಲೇ ಇನ್ನೆಲ್ಲೋ ಇರುವುದು ನನಗೆ ಚೆನ್ನಾಗಿ ಬರುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ, ಕಸುಬಿನಿಂದ ಬಂದದ್ದು. ಹಿಂದೂಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಜಾತ್ರೆಯ ಕರಪತ್ರ, ಬಿಲ್ ಬುಕ್ಕು, ಫ್ಲೆಕ್ಸ್ ಡಿಸೈನು, ಇವೇ ದಿನದ ಕೆಲಸ. ಟೈಪು ಮಾಡಲು ತೆಲುಗಿಗೆ ಅನು ತಂತ್ರಾಂಶ, ಕನ್ನಡಕ್ಕೆ ನುಡಿ. ಹೆಣ್ಣಿನ ಕಡೆಯವರು ಪಾವಗಡದವರೋ ಗೌರಿಬಿದನೂರಿನವರೋ ಆದರೆ ಒಂದೇ ಕಾರ್ಡಿನಲ್ಲಿ ಎರಡೂ ಭಾಷೆ. ಗಿರಾಕಿ ಪಕ್ಕದ ಸ್ಟೂಲಿನಲ್ಲಿ ಕೂತು ಸುಖಾಗಮನ ಬಯಸುವವರ ಪಟ್ಟಿ ಬರೆಸುತ್ತಾ, ನಡುನಡುವೆ ಹುಣಸೆಹಣ್ಣಿನ ರೇಟು, ಬೋರ್‌ವೆಲ್ ಫೇಲಾದದ್ದು, ಮೊದಲನೇ ಮಗಳ ಅತ್ತೆಮನೆಯ ಕಷ್ಟ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ನಾನು ಹೂಂಗುಟ್ಟುತ್ತೇನೆ. ನನ್ನ ಹೂಂ ಬೀಳಬೇಕಾದ ಕಡೆಯೇ ಬೀಳುತ್ತದೆ. ಕಣ್ಣು ಮಾತ್ರ ಮಾನಿಟರಿನ ಮೇಲೆ, ಬೆರಳು ಕೀಬೋರ್ಡಿನ ಮೇಲೆ. ಅವರು ಎದ್ದು ಹೋದ ಮೇಲೆ ಮುಖ ಹೇಗಿತ್ತು ಎಂದು ಕೇಳಿದರೆ ಹೇಳಲಾರೆ. ಬರೆಸಿದ ಹೆಸರುಗಳ ಒತ್ತು, ದೀರ್ಘ ಮಾತ್ರ ತಪ್ಪದೆ ನೆನಪಿರುತ್ತವೆ.

ಇದನ್ನು ಏಕಾಗ್ರತೆ ಎಂದು ಕರೆದುಕೊಂಡು ಬಂದಿದ್ದೇನೆ. ಮನೆಯಲ್ಲೂ ಫೋನು ಹಿಡಿದು ಹೀಗೇ ಇರುತ್ತೇನಲ್ಲ, ಅದಕ್ಕೆ ಬೇರೆ ಹೆಸರು ಬೇಕಿತ್ತು, ಹುಡುಕುವ ಗೋಜಿಗೆ ಹೋಗಿರಲಿಲ್ಲ. ಹೋಗುವಂತೆ ಮಾಡಿದ್ದು ಕಲ್ಯಾಣದುರ್ಗದ ಅಕ್ಕನ ಮನೆಗೆ ಬಂದ ಒಂದು ಹೆಡ್‌ಸೆಟ್ಟು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವಳ ಮಗ, ಅಂದರೆ ನನ್ನ ಸೋದರಳಿಯ, ಹಬ್ಬಕ್ಕೆ ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದ. ವರ್ಚುವಲ್ ರಿಯಾಲಿಟಿಯನ್ನೂ ಮಿಕ್ಸೆಡ್ ರಿಯಾಲಿಟಿಯನ್ನೂ ತೋರಿಸುವ ಯಂತ್ರ. ಅದಕ್ಕೂ ನನ್ನ ಅಂಗಡಿಯ ಕಂಪ್ಯೂಟರಿಗೂ ನಿಜವಾದ ವ್ಯತ್ಯಾಸ ಏನು ಎಂದು ಯೋಚಿಸುತ್ತಾ ಹೋದಂತೆ, ಅಂಗಡಿಯ ಕಂಪ್ಯೂಟರನ್ನು ನಾನು ಯಾಕೆ ಇಷ್ಟು ಹಚ್ಚಿಕೊಂಡಿದ್ದೇನೆ ಎಂಬ ಪ್ರಶ್ನೆಗೆ ಬಂದು ನಿಂತೆ.

ದಿನಬಳಕೆಯ ಕಂಪ್ಯೂಟರ್ ಮೈಯಿಂದ ಬಹಳ ಕಡಿಮೆ ಕೇಳುತ್ತದೆ. ಎರಡು ಕಣ್ಣು, ಹತ್ತು ಬೆರಳು ಸಾಕು. ಉಳಿದ ದೇಹ ಎಲ್ಲಿದೆ, ಹೇಗಿದೆ ಎಂಬುದು ಅದಕ್ಕೆ ಬೇಕಿಲ್ಲ. ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿದರೂ ಸರಿ, ಎದ್ದು ನಿಂತರೂ ಸರಿ. ಕತ್ತು ತಿರುಗಿಸಿ ರಸ್ತೆ ನೋಡಿದರೆ ತೆರೆಯ ಮೇಲಿನ ಕಾರ್ಡು ಕದಲುವುದಿಲ್ಲ. ನನ್ನ ಪರವಾಗಿ ಅಲ್ಲಿ ಒಂದು ಬಾಣದ ಗುರುತು ಓಡಾಡುತ್ತದೆ, ನಾನು ಹೊರಗೆ ಕೂತು ಅದನ್ನು ಓಡಾಡಿಸುತ್ತೇನೆ. ಹೆಡ್‌ಸೆಟ್ಟಿನಲ್ಲಿ ಓಡಾಡುವವನು ನಾನೇ. ತಲೆ ಹೊರಳಿಸಿದರೆ ನೋಟ ಹೊರಳುತ್ತದೆ, ಬಗ್ಗಿದರೆ ಮೇಜಿನ ಅಡಿ ಕಾಣುತ್ತದೆ, ಒಂದು ಹೆಜ್ಜೆ ಮುಂದಿಟ್ಟರೆ ಗೋಡೆ ಒಂದು ಹೆಜ್ಜೆ ಹತ್ತಿರ ಬರುತ್ತದೆ. ಅಲ್ಲಿ ನಾನು ಕೊಡುವ ಆಜ್ಞೆ ಎಂದರೆ ನನ್ನ ಮೈ.

ಈ ಎರಡು ದಾರಿಗಳೂ ಒಂದೇ ಕಡೆ ಭೇಟಿಯಾಗಿದ್ದವು ಎಂದು ಓದಿದಾಗ ನನಗೆ ಸೋಜಿಗವಾಯಿತು. 1968ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫಾಲ್ ಜಾಯಿಂಟ್ ಕಂಪ್ಯೂಟರ್ ಕಾನ್ಫರೆನ್ಸ್ ನಡೆಯಿತು. 9ನೇ ತಾರೀಖು ಡಗ್ಲಾಸ್ ಎಂಗೆಲ್‌ಬಾರ್ಟ್ ಅಲ್ಲಿ ಮೌಸ್ ಹಿಡಿದು ತೆರೆಯ ಮೇಲಿನ ಅಕ್ಷರಗಳನ್ನು ಅಳಿಸಿ, ಸರಿಸಿ, ತಿದ್ದಿ ತೋರಿಸಿದರು. ನಾನು ದಿನವಿಡೀ ಮಾಡುವ ಕೆಲಸ ಅದೇ. ಅದೇ ಸಮ್ಮೇಳನದ ಪ್ರಬಂಧಗಳಲ್ಲಿ ಐವನ್ ಸದರ್ಲೆಂಡ್ ಅವರ, ತಲೆಗೆ ಹಾಕಿಕೊಳ್ಳುವ ಮೂರು ಆಯಾಮದ ತೆರೆಯ ವಿವರವೂ ಇತ್ತು. ಕಣ್ಣುಗಳ ಬದಿಗೆ ಎರಡು ಪುಟ್ಟ ಪಿಕ್ಚರ್ ಟ್ಯೂಬು, ತಲೆ ಎತ್ತ ತಿರುಗಿತು ಎಂದು ಅಳೆಯಲು ಚಾವಣಿಯಿಂದ ಇಳಿಬಿಟ್ಟ ಯಾಂತ್ರಿಕ ತೋಳು, ಕಾಣುವುದೆಲ್ಲ ಬರೀ ಗೆರೆಗಳ ಆಕೃತಿ. ಎಂಗೆಲ್‌ಬಾರ್ಟರ ದಾರಿ ಕಚೇರಿಗಳನ್ನು ಹೊಕ್ಕು ನನ್ನ ಅಂಗಡಿವರೆಗೂ ಬಂತು. ಸದರ್ಲೆಂಡರ ದಾರಿ ಪ್ರಯೋಗಾಲಯ, ಪೈಲಟ್ ತರಬೇತಿ ಎಂದು ಸುತ್ತಿ, 2014ರಲ್ಲಿ ಗೂಗಲ್ಲಿನ ರಟ್ಟಿನ ಪೆಟ್ಟಿಗೆಯಾಗಿ ಅಗ್ಗವಾಗಿ, ಅಕ್ಕನ ಮನೆಯ ಪಡಸಾಲೆಗೆ ಬರುವಷ್ಟರಲ್ಲಿ ಅರ್ಧ ಶತಮಾನ ದಾಟಿತ್ತು.

ಅಳಿಯ ಮೊದಲು ತೋರಿಸಿದ್ದು ಸಮುದ್ರದ ತಳ. ತಿಮಿಂಗಿಲವೊಂದು ಮಗ್ಗುಲಲ್ಲೇ ಹಾದುಹೋಯಿತು. ಅದರ ಕಣ್ಣು ನನ್ನ ಮುಖದ ಎತ್ತರಕ್ಕೆ ಬಂದಾಗ ಹಿಂದಕ್ಕೆ ಸರಿದೆ; ಬಾಲದ ತುದಿ ನೋಡಲು ಪೂರ್ತಿ ಹಿಂದಕ್ಕೆ ತಿರುಗಬೇಕಾಯಿತು. ಟಿವಿಯಲ್ಲಿ ತಿಮಿಂಗಿಲ ನೋಡಿದ್ದೇನೆ, ಅದರ ಉದ್ದ ಇಷ್ಟು ಮೀಟರ್ ಎಂದು ಓದಿಯೂ ಇದ್ದೇನೆ. ಆದರೆ ದೊಡ್ಡದು ಎಂಬುದನ್ನು ಕತ್ತು ಮತ್ತು ಹಿಮ್ಮಡಿ ಹೇಳಿದ್ದು ಆಗಲೇ.

ಗಾತ್ರ ಎಂಬುದು ನನ್ನ ಕಸುಬಿನಲ್ಲಿ ಇಲ್ಲ. ಹಿಂದೂಪುರದಿಂದ ಹದಿನೈದು ಕಿಲೋಮೀಟರ್ ಆಚೆ ಲೇಪಾಕ್ಷಿಯ ನಂದಿ ಇದೆ. ಒಂದೇ ಬಂಡೆಯಲ್ಲಿ ಕಡೆದದ್ದು, ಎತ್ತರ ಸುಮಾರು 15 ಅಡಿ, ಉದ್ದ 27 ಅಡಿ. ಸ್ಥಳೀಯ ಕರಪತ್ರಗಳಿಗೆ ಅದರ ಚಿತ್ರ ಬೇಕೇ ಬೇಕು. ಪೇಜ್‌ಮೇಕರಿನಲ್ಲಿ ಶಿಫ್ಟ್ ಒತ್ತಿ ಚಿತ್ರದ ಮೂಲೆ ಹಿಡಿದು ಒಳಕ್ಕೆ ಎಳೆದರೆ ಆ ನಂದಿ ಹೆಬ್ಬೆರಳಿನ ಉಗುರಿನಷ್ಟಾಗುತ್ತದೆ, ಹೊರಕ್ಕೆ ಎಳೆದರೆ ಪುಟ ತುಂಬುತ್ತದೆ. ಪಕ್ಕದಲ್ಲಿ ಪ್ರಾಯೋಜಕರ ಪಾಸ್‌ಪೋರ್ಟ್ ಫೋಟೋ ನಂದಿಗಿಂತ ದೊಡ್ಡದು. ತೆರೆಯ ಮೇಲೆ ಎಲ್ಲವೂ ಎಲ್ಲದರ ಅಳತೆಗೂ ಒಗ್ಗುತ್ತದೆ. ನನ್ನ ಎದುರು ಏನೂ ದೊಡ್ಡದಾಗಿ ನಿಲ್ಲುವುದಿಲ್ಲ. ನಿಜವಾದ ನಂದಿಯ ಮುಂದೆ ನಿಂತಾಗ ಪುಟ್ಟವನಾಗುವುದು ನಾನು.

ಅಲ್ಲಿನ ವೀರಭದ್ರ ದೇವಸ್ಥಾನದ ಚಾವಣಿಯ ಚಿತ್ರಗಳನ್ನು ನೋಡುವುದೂ ಹಾಗೇ. ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಕಟ್ಟಿಸಿದ ಗುಡಿ ಅದು. ಕಿರಾತಾರ್ಜುನೀಯದ ಕಥೆ ಮಂಟಪದ ನೆತ್ತಿಯ ಮೇಲೆ ಉದ್ದಕ್ಕೆ ಸಾಗುತ್ತದೆ. ಕಥೆ ಮುಂದುವರಿಯಬೇಕಾದರೆ ಕತ್ತೆತ್ತಿಕೊಂಡೇ ನಡೆಯಬೇಕು, ಕಂಬಕ್ಕೆ ಡಿಕ್ಕಿ ಹೊಡೆಯದಂತೆ ಕೈ ಚಾಚಿರಬೇಕು. ಚಿತ್ರ ಇದ್ದಲ್ಲೇ ಇದೆ, ನೋಡುವವನು ಓಡಾಡುತ್ತಾನೆ. ಮಾನಿಟರಿನಲ್ಲಿ ನೋಡುವವನು ಇದ್ದಲ್ಲೇ ಇದ್ದಾನೆ, ಚಿತ್ರ ಓಡಾಡುತ್ತದೆ. ಈ ಒಂದು ಲೆಕ್ಕದಲ್ಲಿ ಹೆಡ್‌ಸೆಟ್ಟು ನನ್ನ ಕಂಪ್ಯೂಟರಿಗಿಂತ ಲೇಪಾಕ್ಷಿಗೆ ಹತ್ತಿರದ್ದು. ಆದರೆ ಅದೇ ಗುಡಿಯಲ್ಲಿ ನೇತಾಡುವ ಕಂಬವಿದೆ. ಬುಡ ನೆಲಕ್ಕೆ ತಾಗಿಲ್ಲ ಎಂದು ಕಣ್ಣಿಗೆ ಕಂಡರೂ ಬಂದವರೆಲ್ಲ ಟವೆಲನ್ನೋ ದುಪಟ್ಟಾವನ್ನೋ ಅಡಿಯಿಂದ ತೂರಿಸಿ ಎಳೆಯುತ್ತಾರೆ. ಕಣ್ಣು ಹೇಳಿದ್ದನ್ನು ಕೈ ಒಮ್ಮೆ ಕೇಳಿ ನೋಡುತ್ತದೆ. ತಿಮಿಂಗಿಲದ ಹೊಟ್ಟೆಗೆ ಕೈಯಿಟ್ಟಾಗ ಅದು ಆಚೆ ಹೊರಟುಹೋಯಿತು. ಕೇಳಲು ಅಲ್ಲಿ ಏನೂ ಇರಲಿಲ್ಲ.

ಆಮೇಲೆ ಹಲಗೆ. ಅಳಿಯ ಅಕ್ಕನ ಮನೆಯ ಹಿತ್ತಲಿನಿಂದ ಒಂದು ಹಲಗೆ ತಂದು ನೆಲದ ಮೇಲೆ ಹಾಕಿದ. ಹೆಡ್‌ಸೆಟ್ಟಿನೊಳಗೆ ಅದು ಹತ್ತಾರು ಅಂತಸ್ತಿನ ಕಟ್ಟಡದ ಅಂಚಿನಿಂದ ಹೊರಚಾಚಿತ್ತು. "ಹೋಗು ಮಾಮ, ಏನೂ ಆಗಲ್ಲ" ಎಂದ. ಏನೂ ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಪಾದದಡಿ ರೆಡ್ ಆಕ್ಸೈಡ್ ನೆಲ, ಬಲಕ್ಕೆ ಮಂಚ, ಒಳಗಿನಿಂದ ಒಗ್ಗರಣೆಯ ವಾಸನೆ. ಕಾಲು ಮಾತ್ರ ಏಳಲಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಪ್ರಯೋಗವೂ ಹೆಚ್ಚುಕಡಿಮೆ ಇದೇ: ನೆಲದ ಮಧ್ಯೆ ಆಳವಾದ ಹೊಂಡವಿರುವ ಹುಸಿ ಕೋಣೆಯಲ್ಲಿ ಜನರನ್ನು ನಿಲ್ಲಿಸಿ ನಾಡಿ ಅಳೆದರು. ಹೊಂಡದ ಅಂಚಿನಲ್ಲಿ ಎದೆಬಡಿತ ಏರಿತು. ಪಾದದ ಕೆಳಗೆ ನಿಜವಾದ ಮರದ ಪಟ್ಟಿ ಇಟ್ಟಾಗ ಇನ್ನೂ ಏರಿತು. ಮೆಲ್ ಸ್ಲೇಟರ್ ಎಂಬ ಸಂಶೋಧಕರು 2009ರಲ್ಲಿ ಇದನ್ನು ಎರಡು ಭ್ರಮೆಗಳಾಗಿ ಬಿಡಿಸಿದರು. ನಾನು ಆ ಜಾಗದಲ್ಲೇ ಇದ್ದೇನೆ ಎಂಬುದು ಒಂದು. ಅಲ್ಲಿ ನಡೆಯುತ್ತಿರುವುದು ನಿಜಕ್ಕೂ ನಡೆಯುತ್ತಿದೆ ಎಂಬುದು ಇನ್ನೊಂದು. ನಿಜವಲ್ಲ ಎಂಬ ತಿಳಿವಳಿಕೆ ತಲೆಯಲ್ಲಿ ಭದ್ರವಾಗಿದ್ದಾಗಲೂ ಎರಡೂ ಮೂಡಬಹುದು.

ನನಗೆ ಮುಖ್ಯ ಅನ್ನಿಸಿದ್ದು ಭಯವಲ್ಲ. ಅಂಗಡಿಯಲ್ಲಿ ನಾನು ಮಾಡುವ ಯಾವ ಕೆಲಸವೂ ಕೊನೆಯದಲ್ಲ. ವರನ ಹೆಸರು ಅಳಿಸಿಹೋದರೆ ಕಂಟ್ರೋಲ್ ಝಡ್. ಮೊದಲು ಮಾಡಿ, ಆಮೇಲೆ ಯೋಚಿಸುವುದು ರೂಢಿಯಾಗಿದೆ, ಮಾತಿನಲ್ಲೂ ಆಗಿದೆ. ಹಲಗೆಯ ಮೇಲೆ ನಿಂತ ಕಾಲಿಗೆ ಆ ಭರವಸೆ ಇರಲಿಲ್ಲ. ಮಾಡುವ ಮೊದಲು ಮೈ ತಡೆದು ನಿಂತದ್ದನ್ನು ಕಂಪ್ಯೂಟರಿನ ಮುಂದೆ ನಾನು ಯಾವತ್ತೂ ಅನುಭವಿಸಿಲ್ಲ.

ಕಾಲದ ಲೆಕ್ಕವೂ ಬೇರೆ. ಅಂಗಡಿಯಲ್ಲಿ ಫ್ಲೆಕ್ಸಿನ ದೊಡ್ಡ ಫೈಲು ತೆರೆದುಕೊಳ್ಳುವಷ್ಟರಲ್ಲಿ ಟೀ ಕುಡಿದು ಮುಗಿಸಬಹುದು. ಬೇಸರವಾಗುತ್ತದೆ, ಹೊಟ್ಟೆ ತೊಳೆಸುವುದಿಲ್ಲ. ಹೆಡ್‌ಸೆಟ್ಟಿಗೆ ಆ ಸವಲತ್ತಿಲ್ಲ. ತಲೆ ತಿರುಗಿದ್ದನ್ನು ಸೆನ್ಸರುಗಳು ಗ್ರಹಿಸಿ, ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಬರೆದು, ಅದು ಕಣ್ಣಿಗೆ ತಲುಪುವ ಕೆಲಸವೆಲ್ಲ ಸುಮಾರು 20 ಮಿಲಿಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಮುಗಿಯಬೇಕು ಎಂದು ಎಂಜಿನಿಯರುಗಳು ಹೇಳುತ್ತಾರೆ. ಚಿತ್ರ ಸೆಕೆಂಡಿಗೆ 72 ಸಲ, 90 ಸಲ ಬದಲಾಗುತ್ತಿರಬೇಕು. ತಡವಾದರೆ ಒಳಕಿವಿಯ ಸಮತೋಲನದ ಅಂಗ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಆ ಜಗಳದಲ್ಲಿ ಸೋಲುವುದು ಹೊಟ್ಟೆ. ಕೂತಲ್ಲೇ ಕೂರಿಸಿ ಬೆಟ್ಟದ ಇಳಿಜಾರಿನಲ್ಲಿ ಓಡಿಸುವ ಆಟವೊಂದರಲ್ಲಿ ನನಗೆ ಹಾಗೇ ಆಯಿತು. ಅಕ್ಕ ನಿಂಬೆಹಣ್ಣು ಮೂಸಲು ಕೊಟ್ಟಳು. ಇಷ್ಟು ವರ್ಷ ಕಂಪ್ಯೂಟರಿನ ನಿಧಾನಕ್ಕೆ ಮನುಷ್ಯ ಹೊಂದಿಕೊಂಡ. ಇಲ್ಲಿ ಮನುಷ್ಯನ ಕಿವಿಯೊಳಗಿನ ಅಂಗದ ವೇಗಕ್ಕೆ ಯಂತ್ರ ಹೊಂದಿಕೊಳ್ಳಬೇಕು.

ಅಳಿಯ ಇದನ್ನೆಲ್ಲ ಹೊಸದೆಂದು ಒಪ್ಪಲಿಲ್ಲ. "ನಮ್ಮ ತೊಗಲುಬೊಂಬೆ ಆಟ ಇನ್ನೇನು ಮಾಮ? ಅದೇ ಹಳೇ ವರ್ಚುವಲ್ ರಿಯಾಲಿಟಿ" ಎಂದ. ಧರ್ಮಾವರದ ಹತ್ತಿರದ ನಿಮ್ಮಲಕುಂಟ ಆ ಕಲೆಗೆ ಹೆಸರಾದ ಊರು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಮೇಕೆ ಚರ್ಮವನ್ನು ಬೆಳಕು ದಾಟುವಷ್ಟು ತೆಳ್ಳಗೆ ಹದಮಾಡಿ, ಬಣ್ಣ ಹಚ್ಚಿ, ತೂತು ಕೊರೆದು ಮಾಡಿದ ಆಳೆತ್ತರದ ಬೊಂಬೆಗಳು. ಚಿಕ್ಕವನಿದ್ದಾಗ ಬಯಲಲ್ಲಿ ಕೂತು ನೋಡಿದ್ದೇನೆ. ಅಳಿಯನ ಮಾತು ಕೇಳಲು ಚೆಂದ, ಆದರೆ ಒಪ್ಪುವಂತಿರಲಿಲ್ಲ. ನಾನು ತಲೆ ತಿರುಗಿಸಿದರೆ ಬೊಂಬೆಗಳ ರಾಮಾಯಣದ ಲಂಕೆ ತಿರುಗುತ್ತಿರಲಿಲ್ಲ. ಪರದೆ ಒಂದು ಕಡೆ, ನಾವು ಒಂದು ಕಡೆ. ಆ ಲೆಕ್ಕದಲ್ಲಿ ಬೊಂಬೆಯಾಟದ ಪರದೆ ನನ್ನ ಮಾನಿಟರಿನ ಕಡೆಯದು. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ಅಲ್ಲಿ ಇಡೀ ಊರು ಒಂದೇ ಪರದೆ ನೋಡುತ್ತಿತ್ತು. ನಾನು ಕಥೆ ಬಿಟ್ಟು ಬೇರೆ ಕಡೆ ನೋಡಿದರೆ ಪಕ್ಕದವನಿಗೆ ಗೊತ್ತಾಗುತ್ತಿತ್ತು.

ಹೆಡ್‌ಸೆಟ್ಟಿನಲ್ಲಿ ನನ್ನ ಹೆಚ್ಚುಗಾರಿಕೆಯೂ ಉಳಿಯಲಿಲ್ಲ. ಹಿಂದೂಪುರದ ಡಿಟಿಪಿ ಅಂಗಡಿಗಳಲ್ಲಿ ಎರಡು ಲಿಪಿಯಲ್ಲೂ ಕೀಬೋರ್ಡು ನೋಡದೆ ಹೊಡೆಯುವವನು ಎಂಬ ಹೆಸರು ನನಗಿದೆ. ಅಲ್ಲಿ ಗಾಳಿಯಲ್ಲಿ ತೇಲುವ ಕೀಬೋರ್ಡಿಗೆ ಬೆರಳು ತೂರಿಸಿ ಒಂದೊಂದೇ ಅಕ್ಷರ ಹುಡುಕಬೇಕಾಯಿತು. ಕೀಲಿ ಒತ್ತಿದ್ದು ಬೆರಳಿಗೆ ತಿಳಿಯುವುದಿಲ್ಲ. ಹೆಸರು, ಪಟ್ಟಿ, ಕಡತ, ಲೆಕ್ಕ, ಒಟ್ಟಿನಲ್ಲಿ ಅಕ್ಷರದ ಕೆಲಸಕ್ಕೆಲ್ಲ ಎಂಗೆಲ್‌ಬಾರ್ಟರ ದಾರಿಯೇ ಸರಿ. ಹೆಡ್‌ಸೆಟ್ಟಿಗೆ ಒಲಿದದ್ದು 'ಇದು', 'ಇಲ್ಲಿ', 'ಇಷ್ಟು ದೂರ' ಎಂಬ ಸಂಗತಿಗಳು. ವೈದ್ಯರಿಗೆ ಎಲುಬಿನ ಜಾಗ ತೋರಿಸಲು, ಪೈಲಟ್‌ಗೆ ರನ್‌ವೇ ತೋರಿಸಲು, ಕಟ್ಟುವ ಮೊದಲೇ ಮನೆಯೊಳಗೆ ಅಡ್ಡಾಡಿಸಲು ಅದು ಬೇಕು. ಲಗ್ನಪತ್ರಿಕೆಗೆ ಬೇಡ. ಇದು ತಿಳಿದಾಗ ನನಗಾದ ಸಮಾಧಾನ ಸ್ವಲ್ಪ ಹೆಚ್ಚೇ ಇತ್ತು. ಯಂತ್ರ ತೂಗುವಾಗಲೂ ನನ್ನ ಹೊಟ್ಟೆಪಾಡೇ ತಕ್ಕಡಿಯಲ್ಲಿತ್ತು ಎಂದಾಯಿತು.

ಇಷ್ಟರವರೆಗೆ ನಾನು ಯಂತ್ರವನ್ನು ನೋಡುತ್ತಿದ್ದೆ. ಹಲಗೆಯ ಮೇಲೆ ನಿಂತಿದ್ದಾಗಲೇ ಪಕ್ಕದ ಮನೆಯಾಕೆ ಮಗನ ಮದುವೆ ಕಾರ್ಡಿನ ವಿಚಾರ ಕೇಳಲು ಬಂದರು. ಅಕ್ಕ ಬಾಗಿಲಲ್ಲೇ ಹೇಳಿದ್ದು ಕೇಳಿಸಿತು: "ಅವನು ಈಗ ಇಲ್ಲಿಲ್ಲಮ್ಮ, ಆಮೇಲೆ ಬಾ." ನಾನು ಅವಳಿಂದ ನಾಲ್ಕು ಮಾರು ದೂರದಲ್ಲಿದ್ದೆ; ಅದಕ್ಕೂ ಸ್ವಲ್ಪ ಮುಂಚೆ, ಮಂಚಕ್ಕೆ ಕಾಲು ತಗಲದಿರಲಿ ಎಂದು ಅವಳೇ ನನ್ನ ಅಂಗಿಯ ಚುಂಗು ಹಿಡಿದು ನಿಂತಿದ್ದಳು. ಆದರೂ ಇಲ್ಲಿಲ್ಲ ಎಂದಳು, ತಮಾಷೆಗಲ್ಲ. ಬಂದವರೂ ಒಪ್ಪಿ ಹೋದರು.

ಫೋನು ಹಿಡಿದಾಗ ಅಕ್ಕ ಯಾರಿಗೂ ಹಾಗೆ ಹೇಳಿದ್ದಿಲ್ಲ. ಆಗಲೂ ನಾನು ಅಲ್ಲಿರುವುದಿಲ್ಲ. ಅದು ಅವಳಿಗೆ ಗೊತ್ತಾಗದಿರುವುದಕ್ಕೆ ಕಾರಣ ನಾನು ಪಟ್ಟ ಶ್ರಮ. ಸಣ್ಣ ತೆರೆ ಮುಖವನ್ನು ಪೂರ್ತಿ ಕೇಳುವುದಿಲ್ಲ. ಆಗಾಗ ಕಣ್ಣೆತ್ತಬಹುದು, ಹುಬ್ಬು ಏರಿಸಬಹುದು, ಕೊನೆಯ ಪದ ಹಿಡಿದು "ಹೌದಾ?" ಎನ್ನಬಹುದು. ಈ ವಾರೆನೋಟದ ಸೌಲಭ್ಯವೇ ನನಗೆ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಹಿಡಿಸಿದ್ದು. ಹೆಡ್‌ಸೆಟ್ಟು ಅದನ್ನು ಕಿತ್ತುಕೊಳ್ಳುತ್ತದೆ. ಮುಖ ಮುಚ್ಚಿಕೊಂಡವನು ಇಲ್ಲಿಲ್ಲ ಎಂಬುದು ಮನೆಯವರಿಗೆಲ್ಲ ಕಾಣುತ್ತದೆ. ವರ್ಚುವಲ್ ರಿಯಾಲಿಟಿ ಮನುಷ್ಯರನ್ನು ಒಂಟಿ ಮಾಡುತ್ತದೆ ಎಂದು ಜನ ಬೈಯುವುದನ್ನು ಕೇಳಿದ್ದೇನೆ. ನನ್ನ ಮಟ್ಟಿಗೆ ಅದು ಹೊಸದಾಗಿ ಏನನ್ನೂ ಮಾಡಲಿಲ್ಲ. ನಾನು ಮುಚ್ಚಿಟ್ಟದ್ದನ್ನು ಹೊರಗೆ ಹಾಕಿತು.

ಹೀಗೆ ಇದ್ದಲ್ಲಿಂದ ಬಿಟ್ಟುಹೋಗುವುದೆಲ್ಲ ಕೆಟ್ಟದ್ದೇನಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್‌ಸನ್ ಅವರು ಸುಟ್ಟಗಾಯದ ರೋಗಿಗಳಿಗಾಗಿ 'ಸ್ನೋವರ್ಲ್ಡ್' ಎಂಬ ಹಿಮದ ಲೋಕ ಮಾಡಿದರು. ಗಾಯ ತೊಳೆದು ಪಟ್ಟಿ ಬದಲಿಸುವಾಗ ರೋಗಿ ಹಿಮದ ಕಣಿವೆಯಲ್ಲಿ ಹಿಮದುಂಡೆ ಎಸೆಯುತ್ತಾ ಹೋಗುತ್ತಾನೆ. ನೋವು ಕಡಿಮೆ ಅನ್ನಿಸಿತು ಎಂದು ರೋಗಿಗಳು ಹೇಳಿದರು. ಗಮನಕ್ಕೆ ಮಿತಿ ಇದೆ, ಅದನ್ನು ಬೇರೆಡೆಗೆ ಪೂರ್ತಿ ಸೆಳೆದರೆ ನೋವಿಗೆ ಉಳಿಯುವುದು ಸ್ವಲ್ಪ ಎಂಬುದು ಅವರ ತರ್ಕ. ಓದಿ ಮೆಚ್ಚಿದೆ, ಹಾಗೆಯೇ ನನ್ನನ್ನು ಕೇಳಿಕೊಂಡೆ: ಆ ರೋಗಿ ನೋವಿನಿಂದ ತಪ್ಪಿಸಿಕೊಂಡು ಹೋದ. ಗಿರಾಕಿಯ ಬೋರ್‌ವೆಲ್ಲಿನಿಂದ, ಅಕ್ಕನ ಮಂಡಿನೋವಿನಿಂದ ನಾನು ತಪ್ಪಿಸಿಕೊಳ್ಳುವುದು ಯಾಕೆ? ಆ ನೋವುಗಳು ನನ್ನವೂ ಅಲ್ಲ. ಉತ್ತರ ಹೇಳಿಕೊಳ್ಳಲು ಹಿತವಾಗಿಲ್ಲ. ಕೇಳಿಸಿಕೊಂಡರೆ ಏನಾದರೂ ಮಾಡಬೇಕಾಗುತ್ತದೆ. ಹೂಂಗುಟ್ಟಿದರೆ ಅಲ್ಲಿಗೆ ಮುಗಿಯುತ್ತದೆ.

ಇನ್ನು ಮಿಕ್ಸೆಡ್ ರಿಯಾಲಿಟಿ. ಪಾಲ್ ಮಿಲ್‌ಗ್ರಾಮ್, ಫುಮಿಯೋ ಕಿಶಿನೋ ಎಂಬಿಬ್ಬರು 1994ರಲ್ಲಿ ಒಂದು ಗೆರೆ ಎಳೆದರು: ಒಂದು ತುದಿಯಲ್ಲಿ ಬರೀ ವಾಸ್ತವ, ಇನ್ನೊಂದು ತುದಿಯಲ್ಲಿ ಬರೀ ಕಲ್ಪಿತ ಲೋಕ, ನಡುವಿನ ಬೆರಕೆಯೆಲ್ಲ ಮಿಕ್ಸೆಡ್ ರಿಯಾಲಿಟಿ. ಬೆರಕೆ ಆಮೇಲೆ ಬಂದದ್ದೆಂದು ನಾನು ಅಂದುಕೊಂಡಿದ್ದೆ. ನೋಡಿದರೆ ಸದರ್ಲೆಂಡರ ಯಂತ್ರದಲ್ಲೇ ಅರ್ಧ ಪಾರದರ್ಶಕ ಕನ್ನಡಿ ಇತ್ತು. ಹಾಕಿಕೊಂಡವರಿಗೆ ಕೋಣೆಯೂ ಕಾಣುತ್ತಿತ್ತು, ಕೋಣೆಯ ನಡುವೆ ತೇಲುವ ಗೆರೆಯ ಆಕೃತಿಯೂ ಕಾಣುತ್ತಿತ್ತು. ಅಳಿಯ ತಂದ ಯಂತ್ರದಲ್ಲಿ ಕನ್ನಡಿಯ ಬದಲು ಕ್ಯಾಮೆರಾ. ಅವನು ಹೆಡ್‌ಸೆಟ್ಟಿನ ಬದಿಗೆ ಎರಡು ಸಲ ತಟ್ಟಿದ ಕೂಡಲೇ ಸಮುದ್ರ ಹೋಗಿ ಪಡಸಾಲೆ ಬಂತು, ಸ್ವಲ್ಪ ಮಸುಕಾಗಿ. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿಕೊಂಡು, ಮೊರ ಮುಂದಿಟ್ಟುಕೊಂಡು ಕಡ್ಲೇಕಾಯಿ ಸುಲಿಯುತ್ತಿದ್ದಳು. ಅಳಿಯ ಒಂದು ಕಿಟಕಿ ತೆರೆಸಿದ, ಅದರಲ್ಲಿ ಕ್ರಿಕೆಟ್ಟು. ಎರಡು ಬೆರಳಿನಿಂದ ಅದನ್ನು ಚಿವುಟಿ ಹಿಡಿದು ಎಲ್ಲಿ ಬೇಕಾದರೂ ಇಡಬಹುದು. ಇಟ್ಟಲ್ಲೇ ಇರುತ್ತದೆ, ನಾವು ಅಡುಗೆಮನೆಗೆ ಹೋಗಿ ಬಂದರೂ ಅದೇ ಜಾಗದಲ್ಲಿ ಕಾದಿರುತ್ತದೆ. ಮಾನಿಟರಿನ ಕಿಟಕಿಗೆ ವಿಳಾಸವೆಂದರೆ ತೆರೆಯ ಒಂದು ಮೂಲೆ, ಇದರ ವಿಳಾಸ ಅಕ್ಕನ ಮನೆಯೇ.

ಮೊದಲು ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ ಇಟ್ಟೆ. ಆಮೇಲೆ ಬಾಗಿಲಿನಲ್ಲಿ. ಅಷ್ಟರಲ್ಲಿ ಅಕ್ಕ ಮಾತು ಶುರು ಮಾಡಿದ್ದಳು. ಹೊಲ ಗುತ್ತಿಗೆಗೆ ಹಿಡಿದವನು ಈ ಸಲವೂ ದುಡ್ಡು ಕೊಟ್ಟಿಲ್ಲ, ಭಾವ ಕೇಳಲು ಹೋಗುವುದಿಲ್ಲ, ಮಂಡಿ ನೋವಿಗೆ ಅನಂತಪುರಕ್ಕೆ ಹೋಗಬೇಕು, ಯಾರು ಕರೆದುಕೊಂಡು ಹೋಗುತ್ತಾರೆ ಎಂದು. ನನ್ನ ಬೆರಳು ಕಿಟಕಿಯನ್ನು ಹಿಡಿದು ತಂದು ಅವಳ ಮುಖದ ಪಕ್ಕ, ಎಡ ಭುಜಕ್ಕಿಂತ ಸ್ವಲ್ಪ ಮೇಲೆ ಇಟ್ಟಿತು. ಅಳಿಯ ಹಾಗೆ ಮಾಡು ಎನ್ನಲಿಲ್ಲ. ಅಲ್ಲಿಟ್ಟರೆ ನನ್ನ ಮುಖ ಅವಳ ಕಡೆಗೇ ಇರುತ್ತದೆ, ಕಣ್ಣು ನಾಲ್ಕು ಬೆರಳು ಸರಿದರೆ ಸ್ಕೋರು. ಇಷ್ಟು ನಿಖರವಾದ ಜಾಗವನ್ನು ಕಾರ್ಡಿನಲ್ಲಿ ಗಣಪತಿ ಕೂರಿಸುವಾಗಲೂ ನಾನು ಇಷ್ಟು ಬೇಗ ಹುಡುಕಿದವನಲ್ಲ. ಮುಖದ ಮೇಲೆ ಇಂಥ ದೊಡ್ಡ ಡಬ್ಬ ಇರುವಾಗ ಅವಳಿಗೆ ಏನು ಮೋಸವಾದೀತು ಎಂದು ನೀವು ಕೇಳಬಹುದು. ಆದರೆ ಆ ಗಳಿಗೆಯಲ್ಲಿ ಮನಸ್ಸು ಹಾಕಿದ ಲೆಕ್ಕ ನನಗೆ ನೆನಪಿದೆ: ಇದು ಮಾಮೂಲಿ ಕನ್ನಡಕದಷ್ಟು ತೆಳ್ಳಗಾದರೆ ಎಷ್ಟು ಅನುಕೂಲ!

ಆ ಅನುಕೂಲ ಬರುತ್ತಲೇ ಇದೆ. 2025ರಲ್ಲಿ ಮೆಟಾ ಕಂಪನಿ ಬಲಗಣ್ಣಿನ ಗಾಜಿನಲ್ಲೇ ಪುಟ್ಟ ತೆರೆಯಿರುವ ಕನ್ನಡಕವನ್ನು ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಹಾಕಿಕೊಂಡವರಿಗೆ ಮೆಸೇಜು ಕಾಣುತ್ತದೆ, ಎದುರಿಗಿರುವವರಿಗೆ ಆ ತೆರೆ ಕಾಣುವುದು ಕಷ್ಟ. ಆ್ಯಪಲ್ ಇನ್ನೊಂದು ದಾರಿ ಹಿಡಿದಿತ್ತು. 2024ರ ಫೆಬ್ರವರಿಯಲ್ಲಿ ಬಂದ, 3,499 ಡಾಲರ್ ಬೆಲೆಯ ವಿಷನ್ ಪ್ರೋ ಹೆಡ್‌ಸೆಟ್ಟಿನ ಹೊರಮೈಯಲ್ಲೇ ಒಂದು ತೆರೆ ಇಟ್ಟು, ಯಾರಾದರೂ ಹತ್ತಿರ ಬಂದರೆ ಹಾಕಿಕೊಂಡವರ ಕಣ್ಣಿನ ಚಿತ್ರವನ್ನು ಅದರಲ್ಲಿ ಮೂಡಿಸಿತು. ಒಳಗಿನವನು ಬೇರೆ ಲೋಕದಲ್ಲಿ ಪೂರ್ತಿ ಮುಳುಗಿದ್ದರೆ ಕಣ್ಣಿನ ಬದಲು ಬಣ್ಣಗಳು ಸುಳಿದಾಡುತ್ತವೆ. ಕಣ್ಣು ತೋರಿಸುವ ಭಾಗ ನನಗೆ ಅಷ್ಟು ಹಿಡಿಸಲಿಲ್ಲ, ಬಣ್ಣದ ಭಾಗ ಹಿಡಿಸಿತು. ಅಕ್ಕ ಬಾಯಿಂದ ಹೇಳಿದ್ದನ್ನೇ ಅದು ಬೆಳಕಿನಲ್ಲಿ ಹೇಳುತ್ತದೆ.

ಜನರಿಂದ ಅಡಗುವುದರಲ್ಲಿ ಪಳಗಿದ ನನಗೆ ಯಂತ್ರದ ಎದುರು ಅಡಗುವ ಜಾಗ ಇಲ್ಲ ಎಂಬುದು ಕೊನೆಗೆ ಹೊಳೆಯಿತು. ಮೌಸ್ ಇರುವಾಗ ಕಣ್ಣು ಸ್ವತಂತ್ರ; ತೆರೆಯಲ್ಲಿ ಏನನ್ನೇ ನೋಡುತ್ತಿದ್ದರೂ ಕೈ ಒತ್ತಿದ್ದಷ್ಟೇ ಲೆಕ್ಕಕ್ಕೆ. ವಿಷನ್ ಪ್ರೋದಲ್ಲಿ ಕಣ್ಣೇ ಮೌಸ್: ನೋಡಿದ್ದು ಗುರಿ, ಎರಡು ಬೆರಳು ಕೂಡಿಸಿದರೆ ಕ್ಲಿಕ್. ಬೆರಳು ಕೂಡಿಸಿದ್ದಷ್ಟೇ ಆ್ಯಪುಗಳಿಗೆ ತಿಳಿಯುತ್ತದೆ, ಕಣ್ಣು ಅಲೆದ ದಾರಿ ತಿಳಿಯುವುದಿಲ್ಲ ಎಂದು ಆ್ಯಪಲ್ ಹೇಳುತ್ತದೆ; ಹಾಗೆ ಹೇಳಬೇಕಾಗಿ ಬಂದದ್ದೇ ದೊಡ್ಡ ಬದಲಾವಣೆ. ಸ್ಟ್ಯಾನ್‌ಫರ್ಡ್ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 511 ಜನ ಹೆಡ್‌ಸೆಟ್ಟು ಹಾಕಿಕೊಂಡು 360 ಡಿಗ್ರಿ ವಿಡಿಯೋ ನೋಡಿದ್ದರು. ತಲೆ ಮತ್ತು ಕೈಯ ಚಲನೆಯ ಐದು ನಿಮಿಷಕ್ಕೂ ಕಡಿಮೆಯ ದಾಖಲೆಯಿಂದ, ಇದು ಯಾರೆಂದು ನೂರಕ್ಕೆ 95ರಷ್ಟು ಸಲ ಸರಿಯಾಗಿ ಗುರುತಿಸಲಾಯಿತು. ಹೆಸರು ಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ಎತ್ತರ, ಕತ್ತು ಹೊರಳಿಸುವ ಬಗೆ, ಕೈ ಇಳಿಬಿಡುವ ರೀತಿ ಸಾಕು. ಅಕ್ಕನಿಗೆ ನನ್ನ ಗಮನ ಎಲ್ಲಿದೆ ಎಂದು ತಿಳಿಯದಂತೆ ಮಾಡುವ ಯಂತ್ರಕ್ಕೆ ಅದು ಎಲ್ಲಿದೆ ಎಂಬುದು ಚೆನ್ನಾಗಿ ತಿಳಿದಿರುತ್ತದೆ. ಮನೆಯವರಿಗೆ ಸುಳ್ಳು, ಕಂಪನಿಗೆ ನಿಜ. ವ್ಯಾಪಾರ ಇಷ್ಟೇ ಆದರೆ ನಾನು ಲಾಭದಲ್ಲಿಲ್ಲ.

ಹಾಗಾದರೆ ಯಾವುದು ನನಗೆ ಇಷ್ಟ? ಸಮುದ್ರ ತೋರಿಸಿದ ಹೆಡ್‌ಸೆಟ್ಟಿನ ಮೇಲೆ ಗೌರವ ಹುಟ್ಟಿದೆ. ಅದು ಮೈಯನ್ನು ಪೂರ್ತಿ ಕರೆದುಕೊಳ್ಳುತ್ತದೆ, ಹೋದದ್ದನ್ನು ಎಲ್ಲರಿಗೂ ತೋರಿಸುತ್ತದೆ. ಆದರೆ ಆಸೆ ಹುಟ್ಟಿರುವುದು ಆ ತೆಳ್ಳನೆಯ ಕನ್ನಡಕದ ಮೇಲೆ. ಕನ್ನಡಕದಲ್ಲಿ ತಪ್ಪೇನಿಲ್ಲ. ಅದನ್ನು ಹಾಕಿಕೊಂಡು ಬೈಕಿನಲ್ಲಿ ದಾರಿ ನೋಡಬಹುದು, ಕಿವಿ ಕೇಳದವರು ಎದುರಿನವರ ಮಾತನ್ನು ಅಕ್ಷರದಲ್ಲಿ ಓದಿಕೊಳ್ಳಬಹುದು. ಆದರೆ ನಾನು ಅದನ್ನು ಎಲ್ಲಿಗೆ ಹಾಕಿಕೊಂಡು ಹೋಗುತ್ತೇನೆ ಎಂಬುದು ನನಗೆ ಈಗಾಗಲೇ ಗೊತ್ತಿದೆ. ಕಿಟಕಿ ಎಲ್ಲಿಡುತ್ತೇನೆ ಎಂಬುದೂ ಗೊತ್ತು.

ಮೊನ್ನೆ ಅಳಿಯ ಫೋನು ಮಾಡಿದಾಗ, ಅಂಥ ಕನ್ನಡಕ ಇಲ್ಲಿಯೂ ಸಿಕ್ಕರೆ ಒಂದು ತರುತ್ತೇನೆ ಎಂದ. ತಾ, ಆದರೆ ಮೊದಲು ನಿಮ್ಮಮ್ಮನಿಗೆ ಹಾಕು ಎಂದೆ. ಅದರಲ್ಲಿ ಅವಳ ಸೀರಿಯಲ್ಲು ಬರುವ ಹಾಗೆ ಮಾಡಿಕೊಡು. ನಾನು ಎದುರಿಗೆ ಕೂತು ಅಂಗಡಿಯ ಬಾಡಿಗೆ, ಮಗನ ಫೀಸು, ನನ್ನ ಸೊಂಟನೋವು ಎಲ್ಲ ಹೇಳಿಕೊಳ್ಳುತ್ತೇನೆ. ನನ್ನ ಮುಖದ ಪಕ್ಕ ಅವಳು ಏನಿಡುತ್ತಾಳೆ ಅಂತ ನೋಡಬೇಕು ಎಂದೆ. ಅವನು ನಕ್ಕ. ನಾನು ನಗಲಿಲ್ಲ, ಏಕೆಂದರೆ ಅವಳು ಅಲ್ಲಿ ಏನನ್ನೂ ಇಡದೇ ಹೋದರೆ ನನ್ನ ಕಷ್ಟ ಇನ್ನೂ ಹೆಚ್ಚು.